ಉಣ್ಣದೆ ಎದ್ದು ಬಂದವಳು

ಗದ್ದೆಗೆ ಇಳಿಯುವಾಗ ದೊಡ್ಡವ್ವ ಸೀರೆಯ ಮೇಲೆ ಸತ್ತ ಗಂಡನ ಅಂಗಿ ತೊಟ್ಟುಕೊಳ್ಳುತ್ತಿದ್ದಳು. ನೀಲಿ ಗೀರಿನ ಅಂಗಿ, ಕಾಲರು ಸವೆದು ಬಿಳಿಯಾಗಿತ್ತು. ತೋಳನ್ನು ಮೊಣಕೈವರೆಗೆ ಮಡಚಿ, ಜೇಬಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬದುವಿನ ಮೇಲೆ ಬರುತ್ತಿದ್ದರೆ ದೂರದಿಂದ ನೋಡಿದವರಿಗೆ ಯಾರೋ ಗಂಡಸು ಬಂದಂತೆ ಕಾಣುತ್ತಿತ್ತು. ನಮ್ಮ ಕಡೆ ಗದ್ದೆ ಕೆಲಸದ ಹೆಂಗಸರೆಲ್ಲ ಮನೆಯ ಗಂಡಸರ ಹಳೆಯ ಅಂಗಿ ತೊಡುವವರೇ. ಬಿಸಿಲಿಗೆ, ಭತ್ತದ ಗರಿಯ ತುರಿಕೆಗೆ ಅದು ಬೇಕು. ಆದರೆ ಉಳಿದವರ ಮೈಮೇಲೆ ಅದು ಹಳೆಯ ಬಟ್ಟೆಯಾಗಿ ಕಾಣುತ್ತಿತ್ತು, ದೊಡ್ಡವ್ವನಿಗೆ ಮಾತ್ರ ಹೊಲಿಸಿದ ಹಾಗೆ ಒಪ್ಪುತ್ತಿತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡವ್ವನ ವಿಷಯ ಬಂದರೆ ಕರುಬದೆ ಮಾತಾಡುವುದು ನನಗೆ ಬರುವುದಿಲ್ಲ, ಇನ್ನು ಕಲಿಯುವ ವಯಸ್ಸೂ ಅಲ್ಲ. ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅವಳ ಮೇಲಿನ ಹೊಟ್ಟೆಕಿಚ್ಚನ್ನು ಹಚ್ಚುತ್ತಿದ್ದಳು. ನಾನು ಅದರ ಮುಂದೆ ಮೈ ಕಾಯಿಸಿಕೊಂಡು ಬೆಳೆದವಳು.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಸೂಳೆಕೆರೆಯ ನೀರು ನಾಲೆಯಲ್ಲಿ ಹರಿದು ಬರುವ ಹಳ್ಳಿ ನಮ್ಮದು. ಅಲ್ಲಿ ಅಪ್ಪ ಮತ್ತು ದೊಡ್ಡಪ್ಪ ಚನ್ನಗಿರಿಯ ಅಡಿಕೆ ಸಾಹುಕಾರರೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಅವರ ಅಪ್ಪನೂ ಅದನ್ನೇ ಮಾಡಿದ್ದನಂತೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಮೊದಲು ಸಾಹುಕಾರರ ಪಾಲು ಅಳೆದು ಗಾಡಿಗೆ ಹಾಕಬೇಕು, ಉಳಿದದ್ದು ನಮ್ಮ ಮನೆಗೆ. ಅಣ್ಣತಮ್ಮಂದಿರು ಬೇರೆಯಾದಾಗ ಗದ್ದೆಯ ನಡುವೆ ಒಂದು ಬದು ಹಾಕಿಕೊಂಡರು. ನಾಲೆಯ ಕಡೆಯದು ಅಣ್ಣನಿಗೆ, ಈಚೆಯದು ತಮ್ಮನಿಗೆ. ಆಮೇಲೆ ಸ್ವಲ್ಪ ದಿನಕ್ಕೆ ದೊಡ್ಡಪ್ಪ ಜ್ವರ ಬಂದು ಹೋಗಿಬಿಟ್ಟ. ಉಳಿದವರು ದೊಡ್ಡವ್ವ ಮತ್ತು ನನಗಿಂತ ಸ್ವಲ್ಪ ದೊಡ್ಡವಳಾದ ಅವಳ ಮಗಳು.

ದೊಡ್ಡವ್ವ ಗದ್ದೆ ಬಿಟ್ಟು ನ್ಯಾಮತಿಯ ತವರಿಗೆ ಹೋಗುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ನಮ್ಮವ್ವ ಹಾಗಾಗಲಿ ಎಂದೂ ಬಯಸಿದ್ದಳು. ನಾಲೆಯ ಕಡೆಯ ಗದ್ದೆ ನಮಗೆ ಬರುತ್ತಿತ್ತಲ್ಲ. ಆದರೆ ದಿನ ಕರ್ಮ ಮುಗಿದ ಮರುದಿನವೇ ಅವಳು ಆ ನೀಲಿ ಗೀರಿನ ಅಂಗಿ ತೊಟ್ಟು ಕೆಸರಿಗೆ ಇಳಿದಳು. ಆ ವರ್ಷ ಸಾಹುಕಾರರು ತಾವೇ ಊರಿಗೆ ಬಂದು, ಅವಳ ಬಾಗಿಲಲ್ಲಿ ನಿಂತು, "ಈ ಸಲ ಗೇಣಿ ಕೊಡಬ್ಯಾಡಮ್ಮ. ಮಗು ಐತೆ, ಮನೇಲಿ ಇಟ್ಕೋ" ಎಂದು ಹೇಳಿ ಹೋದರು. ಅವರು ಕೆಟ್ಟವರಾಗಿರಲಿಲ್ಲ. ಇದನ್ನೂ ಹೇಳಲೇಬೇಕು.

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಓದಿಸುವ ಹುಚ್ಚಿತ್ತು. ಹೋಟೆಲಿನಿಂದ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರೆ, ತಿಂದಾದ ಮೇಲೆ ಎಣ್ಣೆ ಹತ್ತಿದ ಆ ಪೇಪರನ್ನು ನೆಲದ ಮೇಲೆ ಹರವಿ ನನ್ನನ್ನೋ ಮಗಳನ್ನೋ ಕೂರಿಸಿ ಓದಿಸುತ್ತಿದ್ದಳು. ಅರ್ಧ ಸುದ್ದಿ ಹರಿದು ಹೋಗಿರುತ್ತಿತ್ತು. "ಮುಂದೆ?" ಎನ್ನುತ್ತಿದ್ದಳು. "ಮುಂದೆ ಪೇಪರಿಲ್ಲ ದೊಡ್ಡವ್ವ" ಎಂದರೆ, "ಆಗ್ಲಿ, ನೋಡಾನ" ಎಂದು ಎದ್ದುಬಿಡುತ್ತಿದ್ದಳು. ಯಾವುದಕ್ಕೂ ಅವಳು ಹೇಳುತ್ತಿದ್ದುದು ಅದೇ, ನೋಡಾನ. ಮಳೆ ಬರುತ್ತಾ ಎಂದರೂ ನೋಡಾನ, ಮಗಳಿಗೆ ಗಂಡು ಬಂದೈತೆ ಎಂದರೂ ನೋಡಾನ. ಇನ್ನೊಂದು ಮಾತಿತ್ತು. ನಾಲೆಯ ನೀರು ಬಿಡುವ ನೀರಗಂಟಿಯ ಜೊತೆ ಜಗಳವಾದಾಗ, ಸುಮ್ಮನಿರಮ್ಮ ಎಂದು ಯಾರಾದರೂ ಅಂದರೆ, "ಬಾಯಿ ಕೊಟ್ಟಿರೋದು ಬರೀ ಉಣ್ಣಾಕಲ್ಲ" ಎಂದು ತಿರುಗಿ ಹೇಳುತ್ತಿದ್ದಳು.

ಗೇಣಿಗೆ ಉಳುತ್ತಿರುವವರಿಗೇ ಭೂಮಿ ಎಂಬ ಕಾನೂನಿನ ಸುದ್ದಿಯನ್ನು ನಾನು ಅವಳಿಗೆ ಓದಿದ್ದು ಅಂಥದೇ ಒಂದು ಪೇಪರಿನಲ್ಲಿ. ಎಪ್ಪತ್ತರ ದಶಕದ ನಡುಭಾಗ. ಆಮೇಲೆ ಸರ್ಕಾರದ ಜೀಪೂ ಮೈಕು ಕಟ್ಟಿಕೊಂಡು ಬಂತು. ಗೇಣಿದಾರರು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು, ವಿಚಾರಣೆ ಮಾಡಿ ಭೂಮಿಯನ್ನು ಅವರ ಹೆಸರಿಗೆ ಮಾಡುತ್ತಾರೆ, ಹೆದರಬೇಡಿ ಎಂದು ಸಾರಿತು. ನಾನು ಅದೇ ಪೇಪರನ್ನು ಮನೆಗೆ ತಂದು ಅಪ್ಪನಿಗೂ ಓದಿದೆ. ಅಪ್ಪ ಬೀಡಿ ಆರುವವರೆಗೂ ಸೇದಿದ. ಆಮೇಲೆ, "ಯಾರ್ದೋ ಗದ್ದೆ ನಂದು ಅನ್ನಾಕೆ ಬಾಯಿ ಹೆಂಗೆ ಬರುತ್ತೆ?" ಎಂದ. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ದೊಡ್ಡವ್ವ, "ನಾನೇನು ಅವರ ಮನೆ ಕೇಳ್ತಿಲ್ಲಪ್ಪ. ನಾನು ತುಳಿದಿರೋ ಕೆಸರು ಕೇಳ್ತೀನಿ" ಎಂದಳು. ಒಂದೇ ಎಣ್ಣೆ ಪೇಪರು, ಎರಡು ಮನೆಯಲ್ಲಿ ಎರಡು ಥರ ಕೇಳಿಸಿತು.

ಅರ್ಜಿ ಕೊಡುವುದೋ ಬೇಡವೋ ಎಂದು ಊರೆಲ್ಲ ಗುಸುಗುಸು ಮಾತಾಡುತ್ತಿದ್ದಾಗ ಸಾಹುಕಾರರ ಮನೆಯಿಂದ ಊಟಕ್ಕೆ ಕರೆ ಬಂತು. ಮನೆದೇವರ ಪೂಜೆ, ಎರಡೂ ಮನೆಯವರೆಲ್ಲ ಬರಬೇಕು ಎಂದು. ಅದುವರೆಗೆ ನಾವು ಆ ಮನೆಗೆ ಹೋದಾಗಲೆಲ್ಲ ಹಿತ್ತಲಲ್ಲಿ ಕೂರುತ್ತಿದ್ದೆವು. ಊಟ ಅಲ್ಲೇ, ಎಲೆಯನ್ನು ನಾವೇ ಎತ್ತಿ ಹಾಕಬೇಕು. ಆ ದಿನ ಮಾತ್ರ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಸಾಹುಕಾರರೇ ಕೈ ತೋರಿಸಿ, "ಬರ್ರಿ, ಕೂತ್ಕಳ್ರಿ" ಎಂದರು. ಅಪ್ಪನಿಗೆ ಎಲ್ಲಿ ಕಾಲಿಡಬೇಕು ಎಂದೇ ತಿಳಿಯಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎಲೆಯ ಮುಂದೆ ತುದಿಗಾಲಲ್ಲಿ ಕೂತ.

ಹೋಳಿಗೆ ಬಂತು. ಸಾಹುಕಾರರ ಹೆಂಡತಿ ತಾವೇ ತುಪ್ಪದ ಪಾತ್ರೆ ಹಿಡಿದು ಬಂದರು. ಅಪ್ಪನ ಹೋಳಿಗೆಗೆ ಬಡಿಸಿದರು, ಅವ್ವನಿಗೆ, ನನಗೆ, ದೊಡ್ಡವ್ವನ ಮಗಳಿಗೆ ಬಡಿಸಿದರು. ದೊಡ್ಡವ್ವನ ಎಲೆ ಹತ್ತಿರ ಬಂದಾಗ ಅವಳು ಎರಡೂ ಕೈ ಎಲೆಗೆ ಅಡ್ಡ ಹಿಡಿದಳು.

"ನಂದು ಇವತ್ತು ಒಪ್ಪತ್ತು ಅಮ್ಮಾವ್ರೇ. ಮಧ್ಯಾಹ್ನ ಉಣ್ಣಂಗಿಲ್ಲ."

"ಬುಧವಾರ ಎಂಥ ಒಪ್ಪತ್ತಮ್ಮ? ಸೋಮವಾರ ಮಾಡ್ತಾರೆ ಎಲ್ಲಾರೂ."

"ಹರಕೆ ಐತ್ರಿ."

ಅಷ್ಟು ಹೇಳಿ ಎದ್ದು, ಹೊರಗೆ ಜಗಲಿಯ ಮೇಲೆ ಹೋಗಿ ಕೂತಳು. ನೀರು ಕೊಟ್ಟರೂ ಮುಟ್ಟಲಿಲ್ಲ. ಊಟದ ಹೊತ್ತಿನಲ್ಲಿ ಸಾಹುಕಾರರು ಗದ್ದೆಯ ಮಾತೇ ಎತ್ತಲಿಲ್ಲ. ಅರ್ಜಿ ಹಾಕಬೇಡಿ ಎನ್ನಲಿಲ್ಲ, ಆಣೆ ಕೇಳಲಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದರು ಅಷ್ಟೇ. ಕೇಳಬೇಕಾದ ಅಗತ್ಯವಿರಲಿಲ್ಲ. ಆ ಪಡಸಾಲೆಯಲ್ಲಿ ಕೂತು ಆ ತುಪ್ಪ ತಿಂದ ಮೇಲೆ ಅವರ ವಿರುದ್ಧ ಹೋಗಿ ನಿಲ್ಲುವವನು ನಮ್ಮಪ್ಪನಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನಮ್ಮ ಕಡೆ ಒಬ್ಬರ ಮನೆಯ ಎಲೆಯಲ್ಲಿ ಉಂಡದ್ದು ಮಾತು ಕೊಟ್ಟದ್ದಕ್ಕಿಂತ ಗಟ್ಟಿ. ಬರುವಾಗ ಬಸ್ಸಿಗೆ ಕಾಯುತ್ತಾ ಅಪ್ಪ ಕೇಳಿದ.

"ಯಾವ ದೇವರ ಹರಕೆ ಅತ್ತಿಗೆ?"

"ಇನ್ನೂ ಗೊತ್ತು ಮಾಡಿಲ್ಲಪ್ಪ. ನೋಡಾನ" ಎಂದಳು ದೊಡ್ಡವ್ವ.

ತಮಾಷೆಯೆಂದರೆ, ಸುಳ್ಳು ಹೇಳಿದೆ ಎನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಆವತ್ತಿನಿಂದ ಸಾಯುವವರೆಗೂ ಬುಧವಾರ ಒಂದೇ ಹೊತ್ತು ಉಂಡಳು. ನಾಟಿಯ ದಿನಗಳಲ್ಲೂ ಬಿಡಲಿಲ್ಲ. ದೇವರನ್ನು ಗೊತ್ತು ಮಾಡಿದಳೋ ಇಲ್ಲವೋ ನನಗೆ ತಿಳಿಯದು.

ದೊಡ್ಡವ್ವ ಅರ್ಜಿ ಕೊಟ್ಟಳು. ಅಪ್ಪ ಕೊಡಲಿಲ್ಲ. ಕೆಲವು ತಿಂಗಳ ಮೇಲೆ ಅವಳ ಗದ್ದೆಯ ವಿಚಾರಣೆ ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಬಂತು. ನಾನಾಗ ಅಲ್ಲೇ ಹೈಸ್ಕೂಲು ಓದುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಕಚೇರಿಯ ಕಿಟಕಿಯ ಹತ್ತಿರ ಜನರ ನಡುವೆ ಹೋಗಿ ನಿಂತೆ. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಸಾಹುಕಾರನಾಗಲಿ ಗೇಣಿದಾರನಾಗಲಿ ತಮ್ಮ ಮಾತನ್ನು ತಮ್ಮ ಬಾಯಿಂದಲೇ ಹೇಳಬೇಕು. ಆದರೂ ಸಾಹುಕಾರರ ಕಡೆಯ ಗುಮಾಸ್ತರೇ ಮೊದಲು ಬಾಯಿ ಹಾಕಿ, ಈಕೆ ಗೇಣಿದಾರಳಲ್ಲ, ಕೂಲಿಗೆ ಬರುವವಳು ಎಂದರು. ಸಾಕ್ಷಿಗೆ ನಮ್ಮಪ್ಪನನ್ನು ಕರೆದರು. ಪಕ್ಕದ ಗದ್ದೆಯವನು, ಸತ್ತವನ ತಮ್ಮ, ಇವನಿಗಿಂತ ಬೇರೆ ಸಾಕ್ಷಿ ಯಾರಿದ್ದಾರೆ?

"ಆ ಗದ್ದೆ ಯಾರು ಉಳ್ತಾರಪ್ಪ?" ಎಂದು ಮೇಜಿನ ಆಚೆಯ ಅಧಿಕಾರಿ ಕೇಳಿದರು.

ಅಪ್ಪ ಸಾಹುಕಾರರ ಕಡೆ ನೋಡಿದ, ದೊಡ್ಡವ್ವನ ಕಡೆ ನೋಡಿದ. "ನಂಗೆ ಗೊತ್ತಿಲ್ಲ ಸ್ವಾಮಿ" ಎಂದ.

"ನಿಮ್ಮಣ್ಣನ ಗದ್ದೆ. ನಡುವೆ ಒಂದು ಬದು. ಅಲ್ಲಿ ಯಾರು ಉಳ್ತಾರೆ ಅಂತ ಗೊತ್ತಿಲ್ವಾ?"

"ಗೊತ್ತಿಲ್ಲ ಸ್ವಾಮಿ."

ಜನ ನಕ್ಕರು. ಕಿಟಕಿಯ ಹತ್ತಿರ ನಿಂತಿದ್ದ ನಾನು ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡೆ. ದೊಡ್ಡವ್ವ ನಗಲಿಲ್ಲ. ಅವಳು ಅಪ್ಪನನ್ನು ಬಿಟ್ಟು ನೇರ ಸಾಹುಕಾರರ ಕಡೆ ತಿರುಗಿದಳು.

"ಯಜಮಾನ್ರೇ, ನಮ್ಮೋರು ಹೋದ ವರ್ಷ ನೀವು ನಮ್ಮನೆ ಬಾಗಿಲಿಗೆ ಬಂದ್ರಿ. ಈ ಸಲ ಗೇಣಿ ಬ್ಯಾಡ, ಮಗು ಐತೆ ಅಂದ್ರಿ. ನಾನು ಕೂಲಿಯೋಳಾಗಿದ್ರೆ ನೀವು ಬಿಡಾಕೆ ಏನಿತ್ತು?"

ಗುಮಾಸ್ತರು ಏನೋ ಹೇಳಲು ಹೋದರು. ಸಾಹುಕಾರರು ಕೈ ಎತ್ತಿ ಅವರನ್ನು ತಡೆದರು.

"ಹೌದು. ಬಿಟ್ಟಿದ್ದೆ" ಎಂದರು.

ಅಲ್ಲಿಗೆ ಮುಗಿಯಿತು. ಗದ್ದೆ ದೊಡ್ಡವ್ವನ ಹೆಸರಿಗಾಯಿತು. ಯಾರ ಮಾನ ಉಳಿಸಲು ನಮ್ಮಪ್ಪ ಊರ ಮುಂದೆ ಮೂಢನಾಗಿ ನಿಂತನೋ ಆ ಮನುಷ್ಯರು ತಾವೇ ನಿಜ ಹೇಳಿಬಿಟ್ಟಿದ್ದರು. ಅಪ್ಪನ "ಗೊತ್ತಿಲ್ಲ" ಯಾರಿಗೂ ಬೇಕಾಗಲಿಲ್ಲ.

ಊರಲ್ಲಿ ಎರಡು ಪಕ್ಷವಾಯಿತು. ಧಣಿ ತೋರಿಸಿದ ದಯೆಯನ್ನೇ ತಿರುಗಿಸಿ ಅವರ ಕುತ್ತಿಗೆಗೆ ಹಿಡಿದಳು, ಇವಳೆಂಥ ಹೆಂಗಸು ಎಂದರು ಕೆಲವರು. ಬಾಯಿದ್ದವಳು ಗೆದ್ದಳು ಎಂದರು ಇನ್ನು ಕೆಲವರು. ನಮ್ಮವ್ವ ಮೊದಲನೆಯ ಪಕ್ಷದ ಮುಖಂಡೆ. ಹಗಲು ನೀರು ಸೇದುವಾಗ ಆ ಮಾತನ್ನು ಹೇಳುತ್ತಿದ್ದಳು, ಸಂಜೆ ಮನೆಗೆ ಬಂದು ಅಪ್ಪನ ಮುಖ ನೋಡಿ, "ನಿಮಗೆ ಆ ಬಾಯಿ ಯಾಕೆ ಬರಲಿಲ್ಲ?" ಎಂದು ಅಳುತ್ತಿದ್ದಳು. ನನಗಂತೂ ದೊಡ್ಡವ್ವನ ಮಗಳನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಅವಳೇನು ದೊಡ್ಡ ಸಾಧನೆ ಮಾಡಿರಲಿಲ್ಲ. ಅಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದಳು, ಅಷ್ಟೇ. ನಾನು ಬದುವಿನ ಈಚೆ ಹುಟ್ಟಿದ್ದೆ.

ಆ ವರ್ಷದ ಸುಗ್ಗಿಯಲ್ಲಿ ಅವಳ ಕಣದ ರಾಶಿ ಪೂರ್ತಿ ಅವಳ ಮನೆಗೇ ಹೋಗಬೇಕಿತ್ತು. ನಾನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ದೊಡ್ಡವ್ವ ಅಭ್ಯಾಸದಂತೆ ಮೊದಲು ಸಾಹುಕಾರರ ಪಾಲನ್ನು ಅಳೆದು ಬೇರೆ ಹಾಕಿಸಿದಳು. ಆಳುಗಳು ಮುಖ ಮುಖ ನೋಡಿಕೊಂಡರು. ಅವಳಿಗೆ ಆಮೇಲೆ ಅರಿವಾಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಸಣ್ಣ ರಾಶಿಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನೂ ಕಾಲಿಂದ ದೊಡ್ಡ ರಾಶಿಗೆ ತಳ್ಳಿದಳು. ಅಲ್ಲಿಯೇ ಕೂತು ಅತ್ತಳು. ಅದು ಸಂತೋಷದ ಅಳುವೋ ಬೇರೆಯದೋ, ನನಗೆ ಆಗ ಅದನ್ನು ವಿಚಾರಿಸುವಷ್ಟು ದೊಡ್ಡ ಮನಸ್ಸಿರಲಿಲ್ಲ. ಇಷ್ಟು ಭತ್ತ ಇಟ್ಟುಕೊಂಡು ಅಳುವುದೇನು ಎನ್ನಿಸಿತು.

ಇದರ ಮೇಲೆ ಅವಳು ಮಾಡಿದ ಒಂದು ಕೆಲಸ ಅಪ್ಪನನ್ನು ನಿಜವಾಗಿ ಮುರಿಯಿತು. ಹೊಸ ಅಕ್ಕಿ ಮಾಡಿಸಿ, ಒಂದು ಚೀಲ ಕಟ್ಟಿಕೊಂಡು ಚನ್ನಗಿರಿಯ ಸಾಹುಕಾರರ ಮನೆಗೆ ಹೋದಳು. "ಗೇಣಿ ಅಲ್ಲ ಅಮ್ಮಾವ್ರೇ, ಹೊಸಕ್ಕಿ. ಅನ್ನ ಮಾಡ್ರಿ, ಉಂಡು ಹೋಗ್ತೀನಿ" ಎಂದಳಂತೆ. ಸಾಹುಕಾರರು ಒಳಗಿಂದ ಹೊರಗೆ ಬರಲಿಲ್ಲ. ಅವರ ಹೆಂಡತಿ ಮಾತಾಡದೆ ಬಡಿಸಿದರು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು ಬಂದಳು. ಅಪ್ಪ ಇದನ್ನು ಕೇಳಿ ಹೊರಗೆ ಎದ್ದು ಹೋದ. ಉಂಡದ್ದಕ್ಕೆ ಅವನು ಗದ್ದೆಯ ಆಸೆ ಬಿಟ್ಟಿದ್ದ. ಅವಳು ಗದ್ದೆಯನ್ನೂ ತೆಗೆದುಕೊಂಡು ಊಟವನ್ನೂ ಮಾಡಿದ್ದಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇರುವವರು ಯಾರಾದರೂ ಇದ್ದರೆ ನನಗೆ ತೋರಿಸಿ.

ಸರ್ಕಾರ ಅರ್ಜಿಯ ಗಡುವನ್ನು ಮುಂದಕ್ಕೆ ಹಾಕುತ್ತಲೇ ಬಂತು. ಕೊನೆಯ ಗಡುವಿನ ಸುದ್ದಿ ಬಂದಾಗ ಒಂದು ಬೆಳಿಗ್ಗೆ ದೊಡ್ಡವ್ವ ನಮ್ಮ ಮನೆಗೆ ಬಂದಳು. ವಿಚಾರಣೆಯಾದ ಮೇಲೆ ಅವಳು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು. ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ಇನ್ನೂ ಹೊತ್ತು ಐತೆ. ಅರ್ಜಿ ಕೊಡಪ್ಪ. ಯಾರು ಉಳ್ತಾರೆ ಅಂತ ಕೇಳಿದ್ರೆ ನಾನು ಬಂದು ಹೇಳ್ತೀನಿ" ಎಂದಳು.

ಅಪ್ಪ ಹಗ್ಗ ಬಿಟ್ಟು ಕೈ ಒರೆಸಿಕೊಂಡ. ಅವನು ಆ ಹೊತ್ತಿನಲ್ಲಿ ಹೂಂ ಎನ್ನುವುದರಲ್ಲಿದ್ದ ಎಂದೇ ನಾನು ಈಗಲೂ ನಂಬಿದ್ದೇನೆ. ಅಷ್ಟರಲ್ಲಿ ಅವ್ವ ಒಳಗಿಂದ ಬಂದಳು.

"ನಿಮ್ಮ ಬಾಯಿಂದ ನಮಗೆ ಗದ್ದೆ ಬರಬೇಕಾ ಅಕ್ಕಾ? ಆಮೇಲೆ ಜನ್ಮ ಪೂರ್ತಿ ನಿಮ್ಮ ಮುಂದೆ ತಲೆ ಬಗ್ಗಿಸ್ಕೊಂಡು ಇರಬೇಕಾ?"

"ಯಾಕೆ ಬಗ್ಗಿಸ್ತೀಯಾ? ನಾಟಿ ಮಾಡಾಕೆ ಬಗ್ಗಿದ್ರೆ ಸಾಕು."

"ಸಾವ್ಕಾರ್ರನ್ನ ಬಿಟ್ಟು ನಿಮ್ಮ ಋಣದಾಗೆ ಬೀಳಾಕೆ ನನ್ನಿಂದ ಆಗಲ್ಲ" ಎಂದಳು ಅವ್ವ.

ಅಪ್ಪ ಮತ್ತೆ ಹಗ್ಗ ಎತ್ತಿಕೊಂಡ. ದೊಡ್ಡವ್ವ ಬಂದ ದಾರಿಯಲ್ಲೇ ತಿರುಗಿದಳು. ಈ ಸಲ ಅವಳು ನೋಡಾನ ಎನ್ನಲಿಲ್ಲ. ಗಡುವು ಮುಗಿಯಿತು. ಅಪ್ಪನ ಪಾಲಿನ ಗದ್ದೆಯನ್ನು ಸಾಹುಕಾರರು ಮರುವರ್ಷ ಹೊನ್ನಾಳಿಯ ಕಡೆಯ ಒಬ್ಬ ರೈಸ್‌ಮಿಲ್ಲಿನವರಿಗೆ ಕೊಟ್ಟರು. ಅವರಿಗೆ ಅವರದೇ ಆಳುಗಳಿದ್ದರು. ಅಪ್ಪನಿಗೆ ಯಾರೂ ಹೋಗು ಎನ್ನಲಿಲ್ಲ. ಒಂದು ಬೆಳಿಗ್ಗೆ ಹೋದಾಗ ಅಲ್ಲಿ ಬೇರೆಯವರ ನೇಗಿಲು ಹೂಡಿತ್ತು, ಅಪ್ಪ ಎತ್ತು ತಿರುಗಿಸಿಕೊಂಡು ಮನೆಗೆ ಬಂದ.

ಆಮೇಲೆ ನಾವು ಕೂಲಿಗೆ ಹೋದೆವು. ಹತ್ತಿರದ ಕೂಲಿ ದೊಡ್ಡವ್ವನ ಗದ್ದೆಯಲ್ಲಿತ್ತು. ಓದಿಗೆ ರಜೆ ಇದ್ದಾಗ ನಾನೂ ಅವ್ವನ ಜೊತೆ ನಾಟಿಗೆ ಹೋಗುತ್ತಿದ್ದೆ. ಉಳಿದವರಿಗೆ ಕೊಟ್ಟಷ್ಟೇ ಕೂಲಿ ನಮಗೂ. ಸೇರು ಭತ್ತವನ್ನೂ ಹೆಚ್ಚಿಗೆ ಹಾಕುತ್ತಿರಲಿಲ್ಲ, ಕಡಿಮೆಯನ್ನೂ ಮಾಡುತ್ತಿರಲಿಲ್ಲ. ಸ್ವಂತ ಮೈದುನನ ಮನೆಯವರು ಎಂಬ ಕರುಣೆ ಇಲ್ಲ ಎಂದು ಅವ್ವ ಬೈಯುತ್ತಿದ್ದಳು. ಹೆಚ್ಚಿಗೆ ಕೊಟ್ಟಿದ್ದರೆ ಭಿಕ್ಷೆ ಹಾಕುತ್ತಾಳೆ ಎಂದು ಬೈಯುತ್ತಿದ್ದಳು. ದೊಡ್ಡವ್ವನಿಗೆ ನಮ್ಮವ್ವ ಚೆನ್ನಾಗಿ ಅರ್ಥವಾಗಿದ್ದಳು ಎಂದು ತೋರುತ್ತದೆ.

ಮೊದಲ ದಿನ ಮಧ್ಯಾಹ್ನ ಬದುವಿನ ಮೇಲೆ ಎಲ್ಲರಿಗೂ ಮುದ್ದೆ ಸಾರು ಬಂತು. ದೊಡ್ಡವ್ವ ತಾನೇ ಬಡಿಸುತ್ತಾ ಬಂದಳು. ಅವ್ವನ ತಟ್ಟೆಯ ಹತ್ತಿರ ಬಂದಾಗ ಅವ್ವ ಎರಡೂ ಕೈ ಅಡ್ಡ ಹಿಡಿದು, "ನಂದು ಇವತ್ತು ಒಪ್ಪತ್ತು ಅಕ್ಕಾ" ಎಂದಳು.

ದೊಡ್ಡವ್ವ ಸೌಟು ಹಿಡಿದುಕೊಂಡೇ ನಿಂತಳು. ಆಮೇಲೆ ಗದ್ದೆಯೆಲ್ಲ ಕೇಳುವ ಹಾಗೆ ನಕ್ಕಳು. "ಕಲ್ತುಬಿಟ್ಟೆ ನೋಡು. ಒಂದು ನಾಲ್ಕು ವರ್ಷ ಮುಂಚೆ ಕಲಿಬಾರ್ದಿತ್ತಾ?" ಎಂದಳು.

ಅವ್ವ ಆ ದಿನ ಬರೀ ಹೊಟ್ಟೆಯಲ್ಲಿ ಸಂಜೆಯವರೆಗೆ ನಾಟಿ ಮಾಡಿದಳು. ಮುಂದೆಯೂ ಆ ಗದ್ದೆಯಲ್ಲಿ ಎಂದೂ ಉಣ್ಣಲಿಲ್ಲ, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಉಂಡೆ. ಸಾರು ಚೆನ್ನಾಗಿರುತ್ತಿತ್ತು, ಅದೂ ನನ್ನ ಹೊಟ್ಟೆ ಉರಿಸುತ್ತಿತ್ತು.

ಕಾನೂನಿನ ಬಗ್ಗೆ ನನಗೆ ದೊಡ್ಡ ತಿಳಿವಳಿಕೆಯಿಲ್ಲ. ಬದುವಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ. ಗದ್ದೆ ಹೆಸರಿಗಾದ ಮೇಲೆ ಅವಳ ಮನೆಗೆ ಒಂದೊಂದೇ ಬಂದವು. ಊರಿಗೆ ಹೊಸದಾಗಿ ಬಂದ ಬ್ಯಾಂಕಿನವರು ಅವಳಿಗೆ ಎತ್ತು ತೆಗೆದುಕೊಳ್ಳಲು ಸಾಲ ಕೊಟ್ಟರು, ಪಹಣಿಯಲ್ಲಿ ಹೆಸರಿತ್ತಲ್ಲ. ಸೊಸೈಟಿಯಲ್ಲಿ ಗೊಬ್ಬರ ಸಿಕ್ಕಿತು, ಹೊಸ ತಳಿಯ ಭತ್ತದ ಬೀಜ ಸಿಕ್ಕಿತು. ಹೆಂಚು ಬಂತು, ಎಮ್ಮೆ ಬಂತು, ಎಂಬತ್ತರ ದಶಕದಲ್ಲಿ ಡೇರಿಯಾದಾಗ ಹಾಲಿನ ಕ್ಯಾನು ಹಿಡಿದು ಮೊದಲ ಸಾಲಿನಲ್ಲಿ ನಿಂತಳು. ನಮಗೂ ಸರ್ಕಾರ ಮೋಸ ಮಾಡಲಿಲ್ಲ, ಒಂದು ಜನತಾ ಮನೆ ಕೊಟ್ಟಿತು, ಗೋಡೆ ಸ್ವಲ್ಪ ಬಿರುಕು ಬಿಟ್ಟಿತ್ತು. ಒಂದೇ ಮನೆತನ, ಒಂದೇ ಕಾನೂನು, ಒಂದೇ ನಾಲೆಯ ನೀರು. ಅವಳ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ನಮ್ಮ ಮನೆ ತನಕ ಕೇಳುತ್ತಿತ್ತು.

ನಾನು ಟೀಚರ್ ಟ್ರೈನಿಂಗ್ ಮುಗಿಸಿದೆ. ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಆರ್ಡರು ಬಂದ ದಿನ ಅವ್ವ ಅದನ್ನು ಹಿಡಿದುಕೊಂಡು ಮೊದಲು ಹೋದದ್ದು ದೊಡ್ಡವ್ವನ ಮನೆಗೆ. ತೋರಿಸಲೇಬೇಕಿತ್ತು. ದೊಡ್ಡವ್ವ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ಪೇಪರ್ ಓದಿಸಿದ್ದು ದಂಡ ಆಗಲಿಲ್ಲ" ಎಂದಳು. ಆ ಕೀರ್ತಿಯನ್ನೂ ತಾನೇ ಹೊಡೆದುಕೊಂಡಳು ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಬಿಳಿಚೋಡಿನಲ್ಲಿ ನನಗೆ ಸಂಬಳ ಬರುತ್ತಿತ್ತು, ಜನ ಟೀಚರಮ್ಮ ಎನ್ನುತ್ತಿದ್ದರು. ಆದರೂ ಮಳೆ ನಂಬಿ ಶೇಂಗಾ ಬಿತ್ತುವ, ಕುರಿ ಮೇಯಿಸುವ ಅಲ್ಲಿನ ಜನ ಒಣ ಹೊಲ ತೋರಿಸಿ "ಇದು ನಮ್ದು ಟೀಚರೇ" ಎಂದರೆ, ಆ ಕಲ್ಲು ಹೊಲವನ್ನು ಕಂಡೂ ನನಗೆ ಸಂಕಟವಾಗುತ್ತಿತ್ತು.

ಅಪ್ಪ ಸತ್ತ ಸುದ್ದಿ ಬಂದದ್ದು ಅಲ್ಲಿದ್ದಾಗ. ಎರಡು ಬಸ್ಸು ಬದಲಾಯಿಸಿ ಊರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಭೂಮಿ ಇದ್ದವರು ತಮ್ಮ ಭೂಮಿಯಲ್ಲೇ ಹೂಳುತ್ತಾರೆ. ಇಲ್ಲದವರಿಗೆ ರಸ್ತೆ ಪಕ್ಕದ ಊರೊಟ್ಟಿನ ಜಾಗ, ಅಲ್ಲಿ ಕೆಲವು ವರ್ಷದ ಮೇಲೆ ಒಬ್ಬರ ಗುಣಿಯಲ್ಲಿ ಇನ್ನೊಬ್ಬರನ್ನು ಇಡುತ್ತಾರೆ, ಯಾರದು ಎಲ್ಲಿ ಎಂಬ ಗುರುತು ಉಳಿಯುವುದಿಲ್ಲ. ದೊಡ್ಡಪ್ಪನೂ ಅಲ್ಲೇ ಎಲ್ಲೋ ಇದ್ದಾನೆ. ಗಂಡಸರು ಗುದ್ದಲಿ ಹಿಡಿದು ಆ ಕಡೆ ಹೊರಟಿದ್ದರು. ದೊಡ್ಡವ್ವ ಅಡ್ಡ ಬಂದು ನಿಂತಳು.

"ಎಲ್ಲಿಗೆ ಹೊಂಟ್ರಿ? ಆಯಸ್ಸೆಲ್ಲ ಗದ್ದೆಯಾಗೆ ಇದ್ದೋನ್ನ ರಸ್ತೆ ಪಕ್ಕ ಹಾಕ್ತೀರಾ? ನನ್ನ ಗದ್ದೆ ತಲೆಗೆ ದಿಬ್ಬ ಐತೆ. ಅಲ್ಲಿಗೆ ನಡೀರಿ."

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಅಪ್ಪನ ಕಾಲ ಹತ್ತಿರ ಕೂತಿದ್ದಳು. ನಾನು ಅವಳು ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ತಲೆ ಎತ್ತಲಿಲ್ಲ. ಗುದ್ದಲಿಯವರು ಗದ್ದೆಯ ಕಡೆ ತಿರುಗಿದರು.

ನೀರು ಏರದ ಆ ದಿಬ್ಬದ ಮೇಲೆ ನಿಂತರೆ ಎರಡೂ ಗದ್ದೆ ಕಾಣುತ್ತವೆ, ದೊಡ್ಡವ್ವನದೂ, ಒಂದು ಕಾಲಕ್ಕೆ ನಮ್ಮದಾಗಿದ್ದದ್ದೂ. ಅಪ್ಪನನ್ನು ನಮ್ಮ ಪದ್ಧತಿಯಂತೆ ಗುಣಿಯಲ್ಲಿ ಕೂರಿಸಿ ಮಣ್ಣು ಕೊಟ್ಟೆವು. ನನಗೆ ದುಃಖವಾಗಿತ್ತು, ಸುಳ್ಳಲ್ಲ. ಆದರೆ ಅದರೊಳಗೆ ಇನ್ನೊಂದು ಕುಟುಕುತ್ತಿತ್ತು. ನಮ್ಮಪ್ಪನೂ ಅವಳ ಪಾಲಾದ. ಇನ್ನು ಮೇಲೆ ಅಪ್ಪನಿಗೆ ಊದುಬತ್ತಿ ಹಚ್ಚಬೇಕಾದರೆ ಅವಳ ಬದು ತುಳಿದು ಹೋಗಬೇಕು. ಪ್ರತಿ ವರ್ಷ ಹೋದಾಗಲೂ ಅಲ್ಲಿ ಕಸ ಕಿತ್ತು ನೀಟಾಗಿರುತ್ತಿತ್ತು. ಕಿತ್ತವರು ಯಾರೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡವ್ವನೂ ಹೋದಳು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಕಟ್ಟೆಯ ಮೇಲೆ ಮಲಗಿದವಳು ಮತ್ತೆ ಏಳಲಿಲ್ಲ. ನಾನು ಬರುವಷ್ಟರಲ್ಲಿ ದಿಬ್ಬದ ಮೇಲೆ ಗುಣಿ ತೋಡಿ ಆಗಿತ್ತು. ಊರಿಗೆ ಊರೇ ಬಂದಿತ್ತು. ಅವಳನ್ನು ಬೈದವರೂ ಬಂದಿದ್ದರು. ಅವ್ವನಿಗೆ ವಯಸ್ಸಾಗಿ ಸೊಂಟ ಬಾಗಿತ್ತು. ನನ್ನ ಕೈ ಹಿಡಿದುಕೊಂಡು ಬದುವಿನ ಮೇಲೆ ನಿಧಾನವಾಗಿ ಬಂದಳು. ಗುಣಿಯನ್ನು ನೋಡಿ ನಿಂತುಬಿಟ್ಟಳು.

ಅದು ಅಪ್ಪನ ಸಮಾಧಿಯ ಪಕ್ಕದಲ್ಲಿ ಇರಲಿಲ್ಲ. ನಡುವೆ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ದಿಬ್ಬದ ಇಳಿಜಾರಿನ ಅಂಚಿಗೆ ತೋಡಿದ್ದರು. ಅಲ್ಲಿ ಮಳೆಗಾಲದಲ್ಲಿ ನೀರು ಒಸರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

"ಇಷ್ಟು ಆಚೆಗೆ ಯಾಕೆ ತೋಡಿದ್ರಿ?" ಎಂದು ಅವ್ವ ಕೇಳಿದಳು.

ದೊಡ್ಡವ್ವನ ಮಗಳು ಕಣ್ಣು ಒರೆಸಿಕೊಂಡು ಹತ್ತಿರ ಬಂದಳು. "ಅವ್ವನೇ ಹೇಳಿದ್ಲು ಚಿಕ್ಕವ್ವ. ನಡುವಿನ ಜಾಗ ನಿಂದಂತೆ. ಅವಳು ಬ್ಯಾಡ ಅಂತಾಳೆ, ಆದ್ರೂ ಬಿಟ್ಟಿರ್ರಿ ಅಂದಿದ್ಲು."

ಅವ್ವ ಆ ಖಾಲಿ ಜಾಗದ ಕಡೆ ತಿರುಗಿದಳು. ಬೇಡ ಎನ್ನಲು ಅವಳ ಬಾಯಿ ತೆರೆಯಿತು. ಆಮೇಲೆ ಅವಳು ನನ್ನ ಕೈ ಬಿಟ್ಟು, ಅಲ್ಲೇ ಅಪ್ಪನ ಮತ್ತು ದೊಡ್ಡವ್ವನ ನಡುವೆ, ನೆಲದ ಮೇಲೆ ಕೂತಳು. "ಸತ್ತ ಮೇಲೂ ಇವಳ ಗದ್ದೆಯಾಗೇ ಇರಬೇಕು ನಾನು" ಎಂದಳು. ಎದ್ದು ಬರಲಿಲ್ಲ. ವಿಭೂತಿ, ಪತ್ರೆ, ಮಣ್ಣು ಎಲ್ಲ ಮುಗಿಯುವವರೆಗೂ ಅಲ್ಲೇ ಕೂತಿದ್ದಳು.

ನಾನು ಬದುವಿನ ಮೇಲೆ ನಿಂತಿದ್ದೆ. ಅಪ್ಪ, ಅವ್ವ, ದೊಡ್ಡವ್ವ, ಮೂವರಿಗೂ ಕೊನೆಗೆ ಆ ಗದ್ದೆಯಲ್ಲಿ ಜಾಗ ಸಿಕ್ಕಿತು, ನನಗೆ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ನಮ್ಮವ್ವನನ್ನು ಕಂಡು ಹೊಟ್ಟೆಕಿಚ್ಚಾಯಿತು.